ಟ್ಯುಟೋರಿಯಲ್‌ನ ಒಂದು ಗಂಟೆಯೊಳಗೆ ಮೂರು ಗಂಟೆ

ಪಿಎಚ್‌ಡಿ ಮಾಡಲು ಮೆಲ್ಬರ್ನ್‌ಗೋ ಸಿಡ್ನಿಗೋ ಬಂದವರಲ್ಲಿ ಹಲವರು ಕ್ಯಾಶುವಲ್ ಟ್ಯೂಟರ್ ಕೆಲಸ ಹಿಡಿಯುತ್ತಾರೆ, ಅಂದರೆ ಗಂಟೆ ಲೆಕ್ಕದ ಸಂಬಳಕ್ಕೆ ಟ್ಯುಟೋರಿಯಲ್ ಎಂಬ ಚಿಕ್ಕ ಗುಂಪಿನ ತರಗತಿ ನಡೆಸುವುದು. ಗಂಟೆಯ ದರವನ್ನು ರೂಪಾಯಿಗೆ ಗುಣಿಸಿ ಹಿಗ್ಗುವ ಮುಂಚೆ ಆ ದರದೊಳಗೆ ಏನೇನಿದೆ ನೋಡಿ.

ಆಸ್ಟ್ರೇಲಿಯಾದಲ್ಲಿ ಕನಿಷ್ಠ ವೇತನ ನಿಗದಿ ಮಾಡುವ ನಿಯಮಾವಳಿಗೆ ಅವಾರ್ಡ್ ಅನ್ನುತ್ತಾರೆ. ಅದರ ಪ್ರಕಾರ ಟ್ಯುಟೋರಿಯಲ್ ದರವೆಂದರೆ ತರಗತಿಯ ಒಂದು ಗಂಟೆ, ಜೊತೆಗೆ ಎರಡು ಗಂಟೆಯ ಪೂರಕ ಕೆಲಸ. ತಯಾರಿ, ವಿದ್ಯಾರ್ಥಿಗಳ ಪ್ರಶ್ನೆಗಳು, ಆಗಲೇ ಮುಗಿಯುವ ಚಿಲ್ಲರೆ ಮಾರ್ಕಿಂಗ್ ಎಲ್ಲ ಅದರಲ್ಲೇ ಬಂತು. ಅದೇ ಪಾಠವನ್ನು ಏಳು ದಿನದೊಳಗೆ ಇನ್ನೊಂದು ಬ್ಯಾಚ್‌ಗೆ ಮಾಡಿದರೆ ಅದು ‘ರಿಪೀಟ್’. ಪೂರಕ ಕೆಲಸ ಒಂದೇ ಗಂಟೆ. ಸಂಬಳಸಹಿತ ರಜೆ ಇಲ್ಲದ್ದಕ್ಕೆ ಶೇ. 25 ಹೆಚ್ಚುವರಿಯೂ ದರದಲ್ಲೇ ಸೇರಿರುತ್ತದೆ. ಇದರ ಮೇಲೆ ವಿಶ್ವವಿದ್ಯಾಲಯಗಳಿಗೆ ಸಿಬ್ಬಂದಿಯ ಜೊತೆ ತಮ್ಮದೇ ವೇತನ ಒಪ್ಪಂದಗಳಿರುತ್ತವೆ. ನಿಮ್ಮದನ್ನು ಇಳಿಸಿಕೊಂಡು ಓದಿ, ಬೇಸರವಾದರೂ.

ಹಣ ಸೋರುವುದು ಎರಡು ಕಡೆ. ಟ್ಯುಟೋರಿಯಲ್‌ಗೆ ‘ಪ್ರಾಕ್ಟೀಸ್ ಕ್ಲಾಸ್’ ಎಂದು ಹೆಸರಿಟ್ಟು ಕಡಿಮೆ ದರ ಕೊಡುವುದು ಒಂದು. ಇನ್ನೊಂದು ಮಾರ್ಕಿಂಗ್. ಎರಡು ಸಾವಿರ ಪದಗಳ 40 ಪ್ರಬಂಧ ನಿಮ್ಮ ಪಾಲಿಗೆ ಬಂದವು ಅನ್ನಿ. ‘ಗಂಟೆಗೆ 4,000 ಪದ’ ಎಂಬ ಅಳತೆ ಹಿಡಿದರೆ 20 ಗಂಟೆಯ ಸಂಬಳ. ವಿದ್ಯಾರ್ಥಿಗೆ ಪ್ರಯೋಜನವಾಗುವಂತೆ ಟಿಪ್ಪಣಿ ಬರೆಯುತ್ತ ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಕೆಲಸ 30 ಗಂಟೆ. ಉಳಿದ ಹತ್ತು ಗಂಟೆ ಪುಕ್ಕಟೆ! ಮೆಲ್ಬರ್ನ್ ವಿಶ್ವವಿದ್ಯಾಲಯದ ಪ್ರಕರಣದಲ್ಲೂ ಇಂಥ ಪದ ಲೆಕ್ಕದ ಅಳತೆಯೇ ಮುಖ್ಯ ತಕರಾರು. 2024ರ ಡಿಸೆಂಬರ್‌ನಲ್ಲಿ ವೇತನದ ಕಾನೂನು ಪಾಲನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಒಂಬುಡ್ಸ್‌ಮನ್ ಜೊತೆ ಮಾಡಿಕೊಂಡ ಒಪ್ಪಂದದಂತೆ ಅದು 25,000ಕ್ಕೂ ಹೆಚ್ಚು ಹಾಲಿ, ಮಾಜಿ ಸಿಬ್ಬಂದಿಗೆ ಸುಮಾರು 7.2 ಕೋಟಿ ಡಾಲರ್ ಬಾಕಿ ತೀರಿಸಬೇಕಾಯಿತು.

ಹಾಗಾಗಿ ಟೈಮ್‌ಶೀಟ್‌ನಲ್ಲಿ ಏನೇ ತುಂಬಿಸಿದರೂ ನಿಜವಾಗಿ ಹಿಡಿದ ಸಮಯವನ್ನು ಫೋನ್‌ನಲ್ಲಿ ದಿನಾಂಕ ಸಮೇತ ಗುರುತು ಹಾಕಿಕೊಳ್ಳಿ. ನಿಗದಿಪಡಿಸಿದ ಗಂಟೆ ಸಾಲದು ಅನ್ನಿಸಿದರೆ ಕೋಆರ್ಡಿನೇಟರ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ ಇಮೇಲ್ ಹಾಕಿ. ಪೇ ಸ್ಲಿಪ್ ಸಂಬಳವಾದ ಒಂದು ಕೆಲಸದ ದಿನದೊಳಗೆ ಕೈಸೇರಬೇಕು. 2025ರ ಜುಲೈನಿಂದ ಸೂಪರ್, ಅಂದರೆ ನಿವೃತ್ತಿ ನಿಧಿ, ಶೇ. 12, ಅದು ನಿಮ್ಮ ಖಾತೆಗೆ ನಿಜವಾಗಿಯೂ ಬಿದ್ದಿದೆಯೇ ನೋಡಿ.

ಕೇಳಿದರೆ ವೀಸಾಕ್ಕೆ ಕುತ್ತು ಬಂದೀತೆಂದು ನಮ್ಮವರು ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚು. ವೇತನದ ಕಾನೂನು ಯಾವ ವೀಸಾದವರಿಗೂ ಒಂದೇ. ವಿದ್ಯಾರ್ಥಿ ವೀಸಾದಲ್ಲಿ ಕೋರ್ಸ್‌ವರ್ಕ್, ಅಂದರೆ ತರಗತಿ ಪಾಠದ ಪದವಿ, ಓದುವವರಿಗೆ ತರಗತಿ ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆ ಕೆಲಸದ ಮಿತಿ ಉಂಟು; ಸಂಶೋಧನಾ ಪದವಿ ಆರಂಭಿಸಿದವರಿಗೆ ಅದಿಲ್ಲ.

ಮೊದಲು ವಿಭಾಗದಲ್ಲಿ ಕೇಳಿ, ಆಮೇಲೆ ವಿಶ್ವವಿದ್ಯಾಲಯ ನೌಕರರ ಸಂಘ ಎನ್‌ಟಿಇಯು, ಅಲ್ಲೂ ಆಗದಿದ್ದರೆ ಒಂಬುಡ್ಸ್‌ಮನ್. ಬಾಕಿ ಕೇಳಲು ಆರು ವರ್ಷ ಕಾಲಾವಕಾಶವಿದೆ. ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದ್ದರೂ ಹಕ್ಕು ಹೋಗುವುದಿಲ್ಲ; ಹಳೆಯ ಪೇ ಸ್ಲಿಪ್‌ಗಳನ್ನು ಯೂನಿವರ್ಸಿಟಿ ಲಾಗಿನ್ ಮುಚ್ಚುವ ಮೊದಲೇ ಇಳಿಸಿಟ್ಟುಕೊಳ್ಳಿ.