ನಾಯಿ ಬಿಸ್ಕೆಟ್‌ಗೆ ಪ್ಯಾಕೆಟ್ ಒಳಗೇ ಬೂಷ್ಟು ಹಿಡೀತಿದ್ರೆ

ಕುಂಬಳಕಾಯಿ, ಚಿಕನ್ ಹಾಕಿ ಮಾಡೋ ನಾಯಿ ಬಿಸ್ಕೆಟ್ ಓವನ್‌ನಿಂದ ತೆಗೆದಾಗ ಗರಿಗರಿ, ಪೌಚ್‌ಗೆ ಹಾಕಿ ಸೀಲ್ ಮಾಡಿದ ಒಂದೆರಡು ವಾರಕ್ಕೆ ಮೆತ್ತಗಾಗಿ ಬಿಳಿ ಬೂಷ್ಟು.

ಒಳಗೆ ಉಳಿಯೋ ತೇವ ಹೋಗ್ಲಿ ಅಂತ ಓವನ್ 200 ಡಿಗ್ರಿಗೆ ಏರಿಸಿದ್ರೆ ಹೊರಗೆ ಕಪ್ಪಾಗಿ ಒಳಗೆ ಹಸಿನೇ ಇರ್ತಿತ್ತು. ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ರೂ ಅಷ್ಟೇ, ಒಳಗಿನ ನೀರೆಲ್ಲ ಎಳ್ಕೊಳ್ಳೋಕೆ ಅದ್ರ ಕೈಲಿ ಆಗಲ್ಲ (ಮೇಲಾಗಿ ನಾಯಿ ಪೊಟ್ಟಣಾನೇ ನುಂಗ್ಬಿಟ್ರೆ?). ವ್ಯಾಕ್ಯೂಮ್ ಸೀಲ್‌ಗೆ ಬಿಸ್ಕೆಟ್ ಪುಡಿಪುಡಿ.

ಸರಿ ಹೋಗಿದ್ದು ಬೇಯಿಸೋದು ಬೇರೆ ಒಣಗಿಸೋದು ಬೇರೆ ಅಂತ ಎರಡು ಹಂತ ಮಾಡಿದ್ಮೇಲೆ. ಹಿಟ್ಟನ್ನ 6 ಮಿಮೀ ದಪ್ಪಕ್ಕೆ ಲಟ್ಟಿಸಿ, ಎಲ್ಲಾ ಒಂದೇ ಸೈಜ್‌ಗೆ ಕಟ್ ಮಾಡಿ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಬೇಯಿಸಿ. ಆಮೇಲೆ ಓವನ್ 95ಕ್ಕೆ ಇಳಿಸಿ, ಫ್ಯಾನ್ ಆನ್ ಇಟ್ಟು, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಆವಿ ಹೊರಗೆ ಹೋಗೋ ಥರ ಸುಮಾರು 3 ಗಂಟೆ ಬಿಡಿ, ಮಧ್ಯ ಒಂದ್ಸಲ ತಿರುವಿ ಹಾಕಿ. ಗಡಿಯಾರ ನಂಬ್ಬೇಡಿ, ಒಂದು ಟ್ರೇನ ಅರ್ಧ ಗಂಟೆಗೊಮ್ಮೆ ತೂಕ ಹಾಕಿ, ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ. ವೈರ್ ರ‍್ಯಾಕ್ ಮೇಲೆ ಪೂರ್ತಿ ತಣ್ಣಗಾದ್ಮೇಲೇ ಸೀಲ್ ಮಾಡಿ, ಸ್ವಲ್ಪ ಬೆಚ್ಚಗಿದ್ರೂ ಪೌಚ್ ಒಳಗೆ ಬೆವರುತ್ತೆ. ವಾಟರ್ ಆಕ್ಟಿವಿಟಿ ಮೀಟರ್ (ಬೂಷ್ಟು ಬೆಳೆಯೋಕೆ ಸಿಗೋ ನೀರು ತಿಂಡೀಲಿ ಎಷ್ಟಿದೆ ಅಂತ 0ಯಿಂದ 1ರ ಅಳತೇಲಿ ತೋರಿಸೋ ಉಪಕರಣ) ಸಿಕ್ಕಿದ್ರೆ ರೀಡಿಂಗ್ 0.60ಕ್ಕಿಂತ ಕಡಿಮೆ ಬರ್ಬೇಕು, ಅದ್ರ ಕೆಳಗೆ ಬೂಷ್ಟು ಬೆಳೆಯಲ್ಲ.