ಒದೆಯುವ ಕೋವಿ, ಬೆದರುವ ಭುಜ

ಅಜ್ಜನ ಜೋಡಿ ನಳಿಗೆ ಕೋವಿ ನನ್ನ ಲೈಸೆನ್ಸಿಗೆ ಬಂದಾಗ ನನಗೆ ಹೆಮ್ಮೆಯೋ ಹೆಮ್ಮೆ. ಸಕಲೇಶಪುರದ ಕಾಡಿಗೆ ಅವರು ಶಿಕಾರಿಗೆ ಒಯ್ಯುತ್ತಿದ್ದ 12 ಬೋರ್ ಅದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಬಿಟ್ಟರು. ನನಗೂ ಪ್ರಾಣಿ ಹೊಡೆಯುವ ಆಸೆಯಿಲ್ಲ. ಬೆಂಗಳೂರಿನ ರೇಂಜಿನಲ್ಲಿ ಹಾರುವ ಬಿಲ್ಲೆಗೆ ಗುರಿ ಇಡೋಣ ಅಂತ ಅದನ್ನೇ ತೆಗೆದುಕೊಂಡು ಹೋದೆ.

ಈ ಆಟಕ್ಕೆ ಟ್ರ್ಯಾಪ್ ಅಂತ ಹೆಸರು, ಒಂದು ಸುತ್ತಿಗೆ 25 ಬಿಲ್ಲೆ. ಹತ್ತು ಮುಗಿಯುವಷ್ಟರಲ್ಲಿ ಕೋವಿಯ ಒದೆತಕ್ಕೆ ಭುಜ ಸಿಡಿಯುತ್ತಿತ್ತು. ಮನೆಗೆ ಬಂದು ಅಂಗಿ ಬಿಚ್ಚಿದರೆ ಅಂಗೈಯಗಲ ನೀಲಿಗಟ್ಟಿತ್ತು. ನೋವು ಎರಡು ದಿನಕ್ಕೆ ಹೋಯಿತು. ಬೆದರುವುದು ಹೋಗಲಿಲ್ಲ.

ಅದನ್ನು ಕಂಡುಹಿಡಿದವರು ಕೋಚ್. ಒಂದು ದಿನ ಅವರೇ ಕೋವಿ ತುಂಬಿ ಕೊಟ್ಟರು. ಒಳಗೆ ಮದ್ದಿಲ್ಲದ ಡಮ್ಮಿ ತೋಟಾ ಇದೆ ಅಂತ ನನಗೆ ಗೊತ್ತಿಲ್ಲ. ಟ್ರಿಗರ್ ಒತ್ತಿದೆ. ಈಡು ಹಾರಲಿಲ್ಲ, ಆದರೂ ನಳಿಗೆಯ ತುದಿ ಗಕ್ಕನೆ ಕೆಳಗೆ ಕುಸಿಯಿತು. ಕಣ್ಣು ಬೇರೆ ಮುಚ್ಚಿದ್ದೆ.

"ನೋಡಿ ಸರ್, ಕೋವಿ ಒದೆಯೋಕೆ ಮುಂಚೆನೇ ನೀವು ಬೆದರ್ತಾ ಇದ್ದೀರಿ" ಎಂದರು.

ಮನೆಯಲ್ಲಿ ಕೊಕ್ಕೆ ತಕ್ಕಡಿಗೆ ಕೋವಿ ತೂಗುಹಾಕಿದೆ. 2.8 ಕೆಜಿ. ಅಜ್ಜ ದಿನವಿಡೀ ಗುಡ್ಡ ಹತ್ತಬೇಕಿತ್ತು, ಹೊಡೆಯುತ್ತಿದ್ದುದು ಎರಡೋ ಮೂರೋ ಈಡು. ಅವರಿಗೆ ಹಗುರ ಕೋವಿಯೇ ಸರಿ. ನನಗೆ ಅದೇ ಶತ್ರು. ತೋಟಾದೊಳಗಿನ ಚರೆ, ಅಂದರೆ ಸಣ್ಣ ಗುಂಡುಗಳು, ಎಷ್ಟು ರಭಸದಿಂದ ಮುಂದೆ ಹೋಗುತ್ತದೋ ಅದರ ಪಾಲು ಹಿಂದಕ್ಕೆ ಬರಲೇಬೇಕು, ಅಲ್ವಾ? ಕೋವಿ ಭಾರ ಇದ್ದಷ್ಟೂ ನಿಧಾನವಾಗಿ ಬರುತ್ತದೆ. ಅದೇ ತೋಟಾವನ್ನು 3.5 ಕೆಜಿ ಕೋವಿಯಲ್ಲಿ ಹೊಡೆದರೆ ಒದೆತದ ಶಕ್ತಿ ಐದರಲ್ಲಿ ಒಂದು ಪಾಲು ಇಳಿಯುತ್ತದೆ.

ತೋಟಾದಲ್ಲೂ ತಪ್ಪಿದ್ದೆ. 36 ಗ್ರಾಂ ಚರೆಯದ್ದು ಹಾಕುತ್ತಿದ್ದೆ. ಒಲಿಂಪಿಕ್ ಟ್ರ್ಯಾಪ್‌ನಲ್ಲೇ 24 ಗ್ರಾಂ ದಾಟುವಂತಿಲ್ಲ! ಇನ್ನು ಭುಜಕ್ಕೆ ಆನಿಸುವ ಕೋವಿಯ ಹಿಡಿ ಅಜ್ಜನ ಉದ್ದದ ಕೈಗೆ ಮಾಡಿಸಿದ್ದು. ನಾನು ಎತ್ತಿದರೆ ಭುಜದ ಗುಳಿಗೆ ಕೂರದೆ ತೋಳಿನ ಮೇಲೆ ಜಾರುತ್ತಿತ್ತು. ನೀಲಿಗಟ್ಟಿದ್ದು ಅಲ್ಲೇ.

ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಕಣ್ಣು ಮುಚ್ಚಿ ಎತ್ತಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಟ್ಟು ನೋಟ ನಳಿಗೆಯ ನೇರಕ್ಕೆ ಬಂದಿದೆಯಾ ಅಂತ ನೋಡಿದೆ. ಐದಾರು ಕೋವಿ ಹೀಗೆ ಎತ್ತಿದ ಮೇಲೆ ಒಂದು ಸುಮ್ನೆ ಬಂದು ಕೂತಿತು. ಒಂದರ ಮೇಲೊಂದು ನಳಿಗೆ, 3.5 ಕೆಜಿ, ಹಿಂದೆ ದಪ್ಪ ರಬ್ಬರ್ ಪ್ಯಾಡ್. ಅದನ್ನೇ ತೆಗೆದುಕೊಂಡೆ.

ನ್ಯೂಜಿಲೆಂಡಿನಲ್ಲಿರುವ ನನ್ನ ಭಾವಮೈದುನ ಜಿಂಕೆ ಶಿಕಾರಿಗೆ ರೈಫಲ್ ಕೊಳ್ಳುವಾಗ ಜೋರಾಗಿ ಒದೆಯುವ 300 ವಿಂಚೆಸ್ಟರ್ ಮ್ಯಾಗ್ನಮ್ ತೋಟಾದ್ದೇ ಬೇಕು ಅಂತ ಹಟ ಹಿಡಿದಿದ್ದ. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. "ಬೇಡಪ್ಪ, ಕಡಿಮೆ ಒದೆಯೋ 308 ತೋಟಾದ್ದು ಸಾಕು, ಜಿಂಕೆಗೆ ಧಾರಾಳ" ಎಂದೆ. ನನ್ನ ಗುರಿ ತಪ್ಪಿದರೆ ಒಂದು ಬಿಲ್ಲೆ ಉಳಿಯುತ್ತದೆ, ಅಷ್ಟೇ. ಅವನು ಬೆದರಿ ಹೊಡೆದರೆ ಗುಂಡು ಹೊಟ್ಟೆಗೆ ಬಿದ್ದು, ಆ ಜೀವ ಗಂಟೆಗಟ್ಟಲೆ ನರಳುತ್ತದೆ.

ಅಜ್ಜನ ಕೋವಿ ಈಗಲೂ ನನ್ನ ಬಳಿ ಇದೆ. ವರ್ಷಕ್ಕೊಮ್ಮೆ ರೇಂಜಿಗೆ ಒಯ್ದು, 24 ಗ್ರಾಂನ ನಾಲ್ಕೇ ತೋಟಾ ಹೊಡೆದು, ಎಣ್ಣೆ ಒರೆಸಿ ಇಡುತ್ತೇನೆ.