ಬೀಡರ್‌ಮೈಯರ್ ಕಪಾಟಿಗೆ ನಾನೇ ಅರಗು ಹಾಕಿದ್ದು

ವಿಯೆನ್ನಾದ ಹಳೇ ಸಾಮಾನಿನ ಅಂಗಡಿಯಿಂದ ತಂದ ಮೂರು ಡ್ರಾಯರಿನ ಕಪಾಟು ಇದು. ಬೀಡರ್‌ಮೈಯರ್ ಶೈಲಿ, ಅಂದರೆ ಆಸ್ಟ್ರಿಯಾ, ಜರ್ಮನಿ ಕಡೆ 1815ರಿಂದ 1848ರ ನಡುವಿನ ಕಾಲದ್ದು. ಕೆತ್ತನೆ ಇಲ್ಲ, ಚಿನ್ನದ ಲೇಪ ಇಲ್ಲ. ಅಂದವೆಲ್ಲ ಚೆರ್ರಿ ಮರದ ಗೆರೆಗಳದ್ದೇ. ಒಂದೇ ದಿಮ್ಮಿಯಿಂದ ಕೊಯ್ದ ಅಕ್ಕಪಕ್ಕದ ವೀನಿಯರ್ ಹಾಳೆಗಳನ್ನು, ಅಂದರೆ ಮರದ ತೆಳು ಪದರಗಳನ್ನು, ಪುಸ್ತಕ ಬಿಡಿಸಿಟ್ಟ ಹಾಗೆ ಜೋಡಿಸಿದ್ದಾರೆ, ಅದರ ಹಿಂದೆ ಇರುವುದು ಸಾದಾ ಪೈನ್ ಹಲಗೆ. ಆ ಹಾಳೆ ಸವೆದರೆ ಉಳಿಯುವುದು ಪೈನ್ ಪೆಟ್ಟಿಗೆ ಅಷ್ಟೇ. ಹಾಗಾಗಿ ಸ್ಯಾಂಡಿಂಗ್ ಮೆಷಿನ್ ಮುಟ್ಟಲೇ ಇಲ್ಲ.

ಮೊದಲು ಬೆರಳಿನಿಂದ ತಟ್ಟುತ್ತಾ ಹೋದೆ. ಟೊಳ್ಳು ಸದ್ದು ಬಂದ ಕಡೆ ವೀನಿಯರ್ ಎದ್ದಿದೆ ಅಂತ ಅರ್ಥ. ಪ್ರಾಣಿಗಳ ಚರ್ಮ ಕುದಿಸಿ ಮಾಡುವ ಹಳೇ ಅಂಟನ್ನೇ ಬಳಸಿದೆ, ಯಾಕೆಂದರೆ ಮುಂದೆ ಯಾರಾದರೂ ಬಿಚ್ಚಬೇಕು ಅಂದರೆ ಬಿಸಿ, ತೇವ ತಾಗಿಸಿದರೆ ಸಾಕು, ಬಿಡುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಅಂಟಿನ ಡಬ್ಬಿ ಇಟ್ಟು 60 ಡಿಗ್ರಿ ಒಳಗೇ ಕಾಯಿಸಿದೆ. ಕುದ್ದರೆ ಹಿಡಿತ ಹೋಗುತ್ತೆ. ತೆಳು ಚಾಕುವಿನಿಂದ ಸಂದಿಗೆ ತೂರಿಸಿ, ಕಾಗದ ಇಟ್ಟು, ಬೆಚ್ಚಗಿನ ಮರದ ತುಂಡಿನಿಂದ ಒತ್ತಿ, ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಟ್ಟೆ.

ಪಾಲಿಶ್ ಯಾವುದು ಅಂತ ತಿಳಿಯಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಹತ್ತಿ ಒರೆಸಿದೆ. ಮೆತ್ತಗಾಯ್ತು, ಅಂದರೆ ಷೆಲ್ಲಾಕ್. ನಮ್ಮ ಅರಗೇ ಅಲ್ವಾ ಅದು! ಚನ್ನಪಟ್ಟಣದಲ್ಲಿ ಬೊಂಬೆ ತಿರುಗುವಾಗ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಬೇಕು. ಉಣ್ಣೆಯ ಉಂಡೆಗೆ ಹಳೇ ಲಿನನ್ ಬಟ್ಟೆ ಸುತ್ತಿ, ಅದರಲ್ಲಿ ಅರಗು ಹೀರಿಸಿ, ಒಂದು ಹನಿ ಎಣ್ಣೆ ಮುಟ್ಟಿಸಿ, ಎಂಟರ ಆಕಾರದಲ್ಲಿ ಆಡಿಸುತ್ತಲೇ ಇರಬೇಕು. ಕೈ ನಿಂತರೆ ಅಲ್ಲೇ ಅಂಟಿಕೊಳ್ಳುತ್ತದೆ. ಬೇಸರದ ಕೆಲಸ, ಆದರೆ ಗೆರೆಗಳು ಒಂದೊಂದಾಗಿ ಎದ್ದು ಬರುವಾಗ ನಿಲ್ಲಿಸೋಕೆ ಮನಸ್ಸು ಬರಲ್ಲ.

ಈ ಸಾಮಾನುಗಳು ಸುಮ್ನೆ ಚಂದಕ್ಕಲ್ಲ. ಆಗ ಆಸ್ಟ್ರಿಯಾದಲ್ಲಿ ಮಂತ್ರಿ ಮೆಟರ್ನಿಕ್‌ನ ಕಾಲ. 1819ರ ನಂತರ ಪತ್ರಿಕೆಗಳ ಮೇಲೆ ಕತ್ತರಿ, ಹೊರಗೆ ಗೂಢಚಾರರ ಕಾಟ. ಮಧ್ಯಮ ವರ್ಗದವರು ಮನೆಯೊಳಗೇ ಸೋಫಾ, ಅದರ ಮುಂದೊಂದು ದುಂಡು ಮೇಜು, ಕಿಟಕಿ ಹತ್ತಿರ ಹೊಲಿಗೆ ಮೇಜು, ಪಿಯಾನೋ ಇಟ್ಟುಕೊಂಡು ಸಂಜೆ ಕಳೆದರು. ಅಂಥ ಕೋಣೆ ನೋಡಬೇಕಿದ್ದರೆ ವಿಯೆನ್ನಾದ ಗೈಮ್ಯುಲರ್ ಬಂಗಲೆಯ ಸಂಗ್ರಹ ತೆರೆದಿರುವ ದಿನ ನೋಡಿಕೊಂಡು ಹೋಗಿ.

ಡ್ರಾಯರ್ ಒಳಗೆ ಪಾಲಿಶ್ ಬೇಡ, ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿದರೆ ಆಯ್ತು. ಮೇಲೆ ಬಿಸಿ ಕಾಫಿ ಲೋಟ ಮಾತ್ರ ಇಡಬೇಡಿ, ಬಿಳಿ ಉಂಗುರ ಬೀಳುತ್ತೆ.